ಎಂಜಿನ್ ಸದ್ದು ಹುಡುಕೋಕೆ ಸ್ಕ್ರೂಡ್ರೈವರಾ, ಸ್ಟೆತಾಸ್ಕೋಪಾ, ರಬ್ಬರ್ ಪೈಪಾ? ಎಲ್ಲಾ ಇಟ್ಟು ನೋಡ್ದೆ

ನನ್ನ ಪಿಕಪ್ಪಿಗೆ ಈಗ 22 ವರ್ಷ. ಡೀಸೆಲ್, ನಾಲ್ಕು ಸಿಲಿಂಡರ್, ಹಳೇ ಮೆಕ್ಯಾನಿಕಲ್ ಪಂಪು, ಎಂಜಿನ್ನಲ್ಲಿ ಹುಡುಕಿದ್ರೂ ಒಂದು ಸೆನ್ಸರ್ ಸಿಗಲ್ಲ. ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳ್ಬೇಡಿ, ಮೀಟರ್ ಕೇಬಲ್ ಯಾವಾಗ ಕಟ್ಟಾಯ್ತು ಅಂತ ನಂಗೇ ಗೊತ್ತಿಲ್ಲ. ಇಷ್ಟು ದಿನ ಮಾತಾಡದೆ ಕೆಲಸ ಮಾಡ್ಕೊಂಡಿದ್ದ ಗಾಡಿ ಇದ್ದಕ್ಕಿದ್ದಂಗೆ ಮೂರು ಥರ ಸದ್ದು ಶುರು ಮಾಡ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡ್ಲೆ ಟಿಕ್ ಟಿಕ್ ಟಿಕ್, ರೇಸ್ ಮಾಡಿದ್ರೆ ರೇಡಿಯೇಟರ್ ಕಡೆಯಿಂದ ಗರ್ರ್ ಅಂತ ಹಿಟ್ಟಿನ ಗಿರಣಿ ಸದ್ದು, ಇವೆರಡರ ಕೆಳಗೆ ದಪ್ಪಗೆ ಒಂದು ಡಬ್ ಡಬ್. ಮೊದಲು ತೋರಿಸಿದ ಮೆಕ್ಯಾನಿಕ್ ಬಾನೆಟ್ ಎತ್ತಿ ಅರ್ಧ ನಿಮಿಷ ಕಿವಿ ಕೊಟ್ಟು "ಸಾರ್, ಎಂಜಿನ್ ಇಳಿಸ್ಬೇಕು" ಅಂದ. ಅರ್ಧ ನಿಮಿಷಕ್ಕೆ ಎಂಜಿನ್ ಇಳಿಸೋ ತೀರ್ಮಾನ ನಂಗ್ಯಾಕೋ ಗಂಟಲಲ್ಲಿ ಇಳೀಲಿಲ್ಲ, ಅದಕ್ಕೇ ನಾನೇ ಹುಡುಕೋಣ ಅಂತ ಕೂತೆ.

ಸದ್ದು ಹುಡುಕೋಕೆ ಜನ ಹೇಳೋ ದಾರಿ ಒಂದು ಐದಾರಿವೆ, ಎಲ್ಲಾನೂ ಒಂದೇ ಗಾಡಿ ಮೇಲೆ, ಅದೇ ಸದ್ದುಗಳ ಮೇಲೆ ಮಾಡಿ ನೋಡ್ದೆ, ಅದಕ್ಕೇ ಹೋಲಿಸೋಕೆ ಸ್ವಲ್ಪ ಹಕ್ಕಿದೆ ಅನ್ಕೊತೀನಿ.

ಮೊದಲು ಉದ್ದ ಸ್ಕ್ರೂಡ್ರೈವರ್. ತುದಿ ಎಂಜಿನ್ ಮೇಲೆ, ಹಿಡಿ ಕಿವಿ ಮುಂದಿನ ಮೂಳೆಗೆ ಒತ್ತಿ ಹಿಡಿಯೋದು, ಅಷ್ಟೇ. ಸದ್ದು ಮೂಳೆ ಮೂಲಕ ಒಳಗೆ ಬರುತ್ತೆ, ಹೊರಗಿನ ಗಲಾಟೆ ಅರ್ಧಕ್ಕರ್ಧ ಮಾಯ. ಎಲ್ಲರ ಹತ್ರಾನೂ ಇರೋ ಸಾಮಾನು, ದೊಡ್ಡ ಸದ್ದು ಎಂಜಿನ್ನಿನ ಮೇಲ್ಗಡೆನಾ ಕೆಳಗಡೆನಾ, ಮುಂದ್ಗಡೆನಾ ಹಿಂದ್ಗಡೆನಾ ಅಂತ ಎರಡು ನಿಮಿಷದಲ್ಲಿ ಹೇಳಿಬಿಡುತ್ತೆ. ನನ್ನ ಡಬ್ ಡಬ್ ಬ್ಲಾಕಿನ (ಸಿಲಿಂಡರ್‌ಗಳಿರೋ ಎಂಜಿನ್ ದೇಹ) ಪಕ್ಕದಲ್ಲಿ ಜೋರು, ಟಪೆಟ್ ಕವರ್ (ವಾಲ್ವ್ ಒತ್ತೋ ಟಪೆಟ್‌ಗಳ ಮೇಲಿನ ಮುಚ್ಚಳ) ಮೇಲೆ ಕಮ್ಮಿ ಅಂತ ಗೊತ್ತಾಗಿದ್ದು ಇದರಿಂದಲೇ. ಆದ್ರೆ ಕಬ್ಬಿಣದ ಬ್ಲಾಕಲ್ಲಿ ಸದ್ದು ಎಲ್ಲಾ ಕಡೆ ಹರಿದಾಡುತ್ತೆ, ಹಾಗಾಗಿ "ಇದೇ ಸಿಲಿಂಡರ್" ಅಂತ ಬೆರಳಿಟ್ಟು ತೋರಿಸೋಕೆ ಇದರಿಂದ ಆಗಲ್ಲ. ಇನ್ನೊಂದು, ಬೆಲ್ಟು ಫ್ಯಾನು ತಿರುಗೋ ಜಾಗದಲ್ಲಿ ಮುಖ ಬಗ್ಗಿಸಿಕೊಂಡು ಉದ್ದ ಕಬ್ಬಿಣ ಹಿಡ್ಕೊಂಡು ನಿಲ್ಲೋದು ನಂಗಂತೂ ಭಯ. ತೋಳು ಮೇಲೆ ಮಡಚಿ, ಸಡಿಲ ಬಟ್ಟೆ ಇದ್ರೆ ಬಿಚ್ಚಿಟ್ಟು ಮಾಡಿ.

ಸ್ಟೆತಾಸ್ಕೋಪ್ ಅಂದ್ರೆ ಡಾಕ್ಟರ್ ಹಾಕ್ಕೊಳ್ಳೋ ಥರದ್ದೇ, ಎದೆ ಮೇಲಿಡೋ ಬಿಲ್ಲೆ ಬದಲು ಸಣ್ಣ ಕಬ್ಬಿಣದ ಕಡ್ಡಿ ಇರುತ್ತೆ. ಇದನ್ನ ಮೊದಲ ಸಲ ಹಾಕ್ಕೊಂಡಾಗ ನಂಗೆ ಜೀವ ಹಾರಿಹೋಯ್ತು, ಯಾಕಂದ್ರೆ ಎಲ್ಲಿಟ್ರೂ ಏನೋ ಒಡೆದುಹೋದಂಗೆ ಕೇಳುತ್ತೆ, ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಮೇಲಿಟ್ರೆ ಸುತ್ತಿಗೆ, ಪಂಪ್ ಮೇಲಿಟ್ರೆ ಸುತ್ತಿಗೆ, ಟೈಮಿಂಗ್ ಕವರ್ ಮೇಲೆ ಕುಲುಮೆನೇ ಇದ್ದಂಗೆ. ಆಮೇಲೆ ಫ್ರೆಂಡಿನ ಚೆನ್ನಾಗಿರೋ ಡೀಸೆಲ್ ಗಾಡಿ ಮೇಲಿಟ್ಟು ಕೇಳ್ದೆ, ಅದೂ ಹಂಗೇ ಬಡೀತಿತ್ತು. ಅಂದ್ರೆ ಒಳ್ಳೆ ಎಂಜಿನ್ ಹೇಗೆ ಕೇಳುತ್ತೆ ಅಂತ ಕಿವಿಗೆ ಅಭ್ಯಾಸ ಇಲ್ದೇ ಇದನ್ನ ಹಾಕ್ಕೊಂಡ್ರೆ ಬರೀ ಬಿಪಿ ಏರುತ್ತೆ. ಒಂದೇ ಥರದ ನಾಲ್ಕು ಜಾಗ ಹೋಲಿಸೋಕೆ ಮಾತ್ರ ಇದರಷ್ಟು ಒಳ್ಳೇದು ಯಾವುದೂ ಇಲ್ಲ. ನಾಲ್ಕು ಇಂಜೆಕ್ಟರ್, ನಾಲ್ಕೂ ಕೇಳಿ ಯಾವುದು ಬೇರೆ ಥರ ಇದೆ ನೋಡಿ. ಎರಡು ಬೇರಿಂಗ್ ಇದ್ರೂ ಅಷ್ಟೇ.

ಆ ಗರ್ರ್ ಸದ್ದಲ್ಲಿ ಇವೆರಡಕ್ಕೂ ನೇರ ಪೈಪೋಟಿ ಬಿತ್ತು. ಸ್ಕ್ರೂಡ್ರೈವರಲ್ಲಿ ಮುಂದ್ಗಡೆ ಎಲ್ಲಾ ಗರ್ರ್. ಸ್ಟೆತಾಸ್ಕೋಪ್ ಕಡ್ಡಿ ಆಲ್ಟರ್ನೇಟರ್ ಬಾಡಿ ಮೇಲಿಟ್ರೆ ನೈಸಾಗಿ ತಿರುಗೋ ಸುಯ್ ಅನ್ನೋ ಸದ್ದು, ವಾಟರ್ ಪಂಪ್ ಮೇಲೂ ಪರವಾಗಿಲ್ಲ, ಏಸಿ ಬೆಲ್ಟನ್ನ ಸರಿಯಾಗಿ ಹಿಡಿದಿಡೋ ಐಡ್ಲರ್ ಪುಲ್ಲಿಯ ನಡುವಿನ ಬೋಲ್ಟ್ ಮೇಲಿಟ್ಟೆ ನೋಡಿ, ಮರಳು ಅರೆದಂಗೆ. ಖಾತ್ರಿ ಮಾಡ್ಕೊಳ್ಳೋಕೆ ಬೆಲ್ಟು ಬಿಚ್ಚಿ ಒಂದು ನಿಮಿಷ ಸ್ಟಾರ್ಟ್ ಮಾಡ್ದೆ, ಸದ್ದು ಪೂರ್ತಿ ಮಾಯ. ವಾಟರ್ ಪಂಪ್ ತಿರುಗಿಸೋ ಬೆಲ್ಟೂ ಬಿಚ್ಚಿದ್ರೆ ಒಂದು ನಿಮಿಷದ ಮೇಲೆ ಓಡಿಸ್ಬೇಡಿ, ನೀರು ಸುತ್ತಲ್ಲ, ಹೆಡ್ಡು ಕಾದುಬಿಡುತ್ತೆ. ನಿಜ ಹೇಳ್ಬೇಕಂದ್ರೆ ಮುಂದ್ಗಡೆ ಸದ್ದಿಗೆ ಬೆಲ್ಟು ಬಿಚ್ಚೋದೇ ರಾಜ ಉಪಾಯ, ಎಂಜಿನ್ ಒಳಗಿಂದಾ ಹೊರಗಿಂದಾ ಅನ್ನೋ ಪ್ರಶ್ನೆ ಅಲ್ಲೇ ಮುಗಿದುಹೋಗುತ್ತೆ, ಆಮೇಲೆ ಒಂದೊಂದೇ ಪುಲ್ಲಿ ಕೈಯಲ್ಲಿ ತಿರುಗಿಸಿದ್ರೆ ಕೆಟ್ಟಿರೋದು ಬೆರಳಿಗೇ ಗೊತ್ತಾಗುತ್ತೆ. ಪುಲ್ಲಿ ಪೂರ್ತಿ ಬದಲಾಯಿಸ್ಬೇಕಿಲ್ಲ, ಒಳಗಿನ ಬೇರಿಂಗಿನ ಅಂಚಲ್ಲೇ ನಂಬರ್ ಇರುತ್ತೆ, ನಂದು 6203, ಒಳಗೆ 17 ಮಿಮೀ ಹೊರಗೆ 40 ಮಿಮೀ. ಹಳೇದು ತಟ್ಟಿ ತೆಗೆದು ಹೊಸದನ್ನ ಹೊರ ರಿಂಗ್ ಮೇಲೆ ಮಾತ್ರ ಒತ್ತಿ ಕೂರಿಸ್ದೆ, ಅಲ್ಲಿಗೆ ಗಿರಣಿ ಬಂದ್.

ಫೋನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ರೆಕಾರ್ಡ್ ಮಾಡಿ ಗೊತ್ತಿರೋರಿಗೆ ಕಳಿಸಿದ್ರೆ ಒಬ್ರು ಟಪೆಟ್ ಅಂತಾರೆ, ಒಬ್ರು ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರೋ ಕಡೆಯ ಬೇರಿಂಗ್) ಅಂತಾರೆ, ಯಾಕಂದ್ರೆ ಫೋನು ಜೋರು ಸದ್ದನ್ನ ತಾನೇ ತಗ್ಗಿಸಿ ಸಣ್ಣದನ್ನ ಏರಿಸಿಬಿಡುತ್ತೆ, ದಪ್ಪ ಸದ್ದಂತೂ ಅದಕ್ಕೆ ಸರಿಯಾಗಿ ಕೇಳೋದೇ ಇಲ್ಲ. ಒಂದೇ ಉಪಯೋಗ ಅಂದ್ರೆ ಎಣಿಸೋದು. ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್ ಎರಡು ಸುತ್ತು ಸುತ್ತಿದ್ರೆ ವಾಲ್ವ್ ತೆರೆಯೋ ಕ್ಯಾಮ್ ಒಂದೇ ಸುತ್ತು, ಹಾಗಾಗಿ ಐಡಲ್ 800 ಆರ್‌ಪಿಎಂ ಇದ್ರೆ ಒಂದು ವಾಲ್ವ್ ನಿಮಿಷಕ್ಕೆ 400 ಸಲ ತೆರೆಯುತ್ತೆ. ರೆಕಾರ್ಡಿಂಗ್ ನಿಧಾನ ಮಾಡಿ 10 ಸೆಕೆಂಡಿನದ್ದು ಎಣಿಸ್ದೆ, ನನ್ನ ಟಿಕ್ ಟಿಕ್ ಸುಮಾರು 66 ಬಂತು, ಅಂದ್ರೆ ನಿಮಿಷಕ್ಕೆ ಹೆಚ್ಚೂಕಮ್ಮಿ 400. ಕ್ಯಾಮ್ ಲೆಕ್ಕ. ಟಪೆಟ್ಟೇ ಅಂತ ಖುಷಿಯಾಗಿ ಕುಣಿದುಬಿಟ್ಟೆ.

ಎಡವಿದ್ದು ಇಲ್ಲೇ.

ಟಪೆಟ್ ಅಂತ ತೀರ್ಮಾನ ಆದ ಮೇಲೆ ಎಲ್ಲರಂಗೆ ನಾನೂ ಮೊದಲು ಸುಲಭದ ದಾರಿ ಹಿಡಿದೆ. 15ಡಬ್ಲ್ಯೂ-40 ಆಯಿಲ್ ಇಳಿಸಿ ಅದಕ್ಕಿಂತ ದಪ್ಪಗಿನ 20ಡಬ್ಲ್ಯೂ-50 ಹಾಕ್ದೆ. ಬಿಸಿ ಆದ್ಮೇಲೆ ಒಟ್ಟಾರೆ ಗಲಾಟೆ ಸ್ವಲ್ಪ ಮೆತ್ತಗಾಯ್ತು, ಹೌದು. ಆದ್ರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಲೈಟ್ ಆರೋಕೆ ಮೊದಲಿಗಿಂತ ಹೊತ್ತು ತಗೊಳ್ತು, ದಪ್ಪ ಆಯಿಲ್ ತಣ್ಣಗಿದ್ದಾಗ ಮೇಲಕ್ಕೆ ಹತ್ತೋದು ನಿಧಾನ ಅಲ್ವಾ. ಟಿಕ್ ಟಿಕ್ ಇದ್ದಂಗೇ ಇತ್ತು. ಆಮೇಲೆ ಆಯಿಲ್ ಜೊತೆ ಬೆರೆಸೋ ಬಾಟಲಿ ಔಷಧಿ, ಹೆಸರು ಬೇಡ. ಹೈಡ್ರಾಲಿಕ್ ಲಿಫ್ಟರ್ (ಆಯಿಲ್ ಪ್ರೆಶರಲ್ಲಿ ಸಂದು ತಾನೇ ಸರಿ ಮಾಡ್ಕೊಳ್ಳೋ ಟಪೆಟ್) ಇರೋ ಎಂಜಿನ್ನಲ್ಲಿ ಗಲೀಜು ಕೂತು ಲಿಫ್ಟರ್ ಹಿಡ್ಕೊಂಡಿದ್ರೆ ಇಂಥದ್ದು ಕೆಲವು ಸಲ ಕೆಲಸ ಮಾಡುತ್ತೆ. ನನ್ನದು ಸ್ಕ್ರೂ ಟಪೆಟ್, ಸಂದು ಸ್ಕ್ರೂ ತಿರುಗಿಸಿ ಸರಿ ಮಾಡೋದು. ಔಷಧಿ ಕುಡಿದು ಸ್ಕ್ರೂ ತಾನಾಗೇ ತಿರುಗುತ್ತಾ? ಬಾಟಲಿ ಮೇಲಿನ ಅಕ್ಷರ ಓದಿ ಮರುಳಾದೆ ಅಷ್ಟೇ. ಎಂಜಿನ್ ಫ್ಲಶ್ ಮಾತ್ರ ಬೇಕಂತಲೇ ಮಾಡ್ಲಿಲ್ಲ, ಹಳೇ ಎಂಜಿನ್ನಲ್ಲಿ ಕಿತ್ತು ಬಂದ ಗಲೀಜು ಆಯಿಲ್ ನಿಲ್ಲೋ ಸಂಪಿನ ಜರಡಿಗೆ ಕಟ್ಕೊಂಡ್ರೆ ಆಯಿಲ್ ಪ್ರೆಶರ್ರೇ ಹೋಗುತ್ತೆ, ಆಗ ಸುಮ್ನೆ ಇದ್ದ ಬೇರಿಂಗೂ ಸದ್ದು ಮಾಡುತ್ತೆ.

ಕೊನೆಗೆ ಸಂದು ಅಳೆಯೋ ತೆಳ್ಳನೆ ತಗಡುಗಳ ಫೀಲರ್ ಗೇಜ್ ತಗೊಂಡು ಸರಿಯಾಗೇ ಟಪೆಟ್ ಸೆಟ್ಟಿಂಗ್ ಮಾಡ್ದೆ. ನನ್ನ ಎಂಜಿನ್ನಿನ ಪುಸ್ತಕದಲ್ಲಿ ಇನ್‌ಲೆಟ್ 0.25, ಎಕ್ಸಾಸ್ಟ್ 0.30 ಮಿಮೀ ಅಂತಿದೆ, ನಿಮ್ಮದರಲ್ಲಿ ಬೇರೆ ಇರುತ್ತೆ, ತಣ್ಣಗಿದ್ದಾಗಾ ಬಿಸಿ ಇದ್ದಾಗಾ ಅನ್ನೋದೂ ಬೇರೆ, ಪುಸ್ತಕ ನೋಡ್ದೆ ಮುಟ್ಬೇಡಿ. ಎರಡು ಟಪೆಟ್ಟಲ್ಲಿ ಗೇಜು ಗಲಗಲ ಅಂತ ಓಡಾಡ್ತಿತ್ತು, ಸರಿ ಮಾಡ್ದೆ. ಎಂಟೂ ಟೈಟ್ ಮಾಡಿಬಿಟ್ರೆ ಸದ್ದೇ ಬರಲ್ಲ ಅಂತ ಆಸೆ ಆಗುತ್ತೆ, ಬೇಡ, ಟೈಟಾದ ಎಕ್ಸಾಸ್ಟ್ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದೆ ಸುಟ್ಟುಹೋಗುತ್ತೆ. ಸ್ವಲ್ಪ ಸದ್ದು ಮಾಡೋ ಟಪೆಟ್ಟೇ ವಾಸಿ. ಕವರ್ ಮುಚ್ಚಿ ಸ್ಟಾರ್ಟ್ ಮಾಡಿದ್ರೆ ಎಂಜಿನ್ ನೈಸಾಯ್ತು, ಆದ್ರೆ ಮಾರನೇ ದಿನ ಬೆಳಿಗ್ಗೆ ತಣ್ಣಗಿದ್ದಾಗ ಟಿಕ್ ಟಿಕ್ ಮತ್ತೆ ಹಾಜರ್. ಐದು ನಿಮಿಷ ಓಡಿಸಿದ್ರೆ ನಾಪತ್ತೆ.

ಆಗ ನೆನಪಾಗಿದ್ದು ಯಾರೂ ಲೆಕ್ಕಕ್ಕೇ ಇಡದ ರಬ್ಬರ್ ಪೈಪು. ಒಂದು ಮೀಟರ್ ಹಳೇ ಪೈಪಿನ ತುಂಡು, ಒಂದು ಕೊನೆ ಕಿವಿಗೆ, ಇನ್ನೊಂದು ಕೊನೆ ಎಂಜಿನ್ ಸುತ್ತ ಆಡಿಸೋದು. ಇದು ಕಬ್ಬಿಣ ಮುಟ್ಟಲ್ಲ, ಗಾಳಿಯಲ್ಲಿ ಬರೋ ಸದ್ದು ಮಾತ್ರ ಕೇಳ್ಸುತ್ತೆ. ಬೆಳಿಗ್ಗೆ ರಾತ್ರಿಯೆಲ್ಲಾ ನಿಂತ ಗಾಡಿ ಸ್ಟಾರ್ಟ್ ಮಾಡಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಒಟ್ಟುಗೂಡಿಸೋ ಕೊಳವೆ) ಉದ್ದಕ್ಕೂ ಪೈಪಿನ ಬಾಯಿ ಜರುಗಿಸ್ತಾ ಹೋದೆ, ಒಂದು, ಎರಡು, ಮೂರು, ಏನಿಲ್ಲ, ನಾಲ್ಕನೇ ಸಿಲಿಂಡರ್ ಹತ್ರ ಬಂದ ಕೂಡ್ಲೆ ಕಿವಿಗೆ ಫಟ್ ಫಟ್ ಫಟ್ ಅಂತ ಯಾರೋ ಊದಿದಂಗೆ ಬಡೀತು, ಬಿಸಿ ಹೊಗೆ ವಾಸನೆ ಬೇರೆ. ಆಫ್ ಮಾಡಿ ಆರಿದ ಮೇಲೆ ಅಲ್ಲಿ ಬೆರಳಾಡಿಸಿದ್ರೆ ಬೆರಳ ತುದಿ ದೀಪದ ಕಾಡಿಗೆ ಹಚ್ಚಿದಂಗೆ ಕಪ್ಪು, ಮ್ಯಾನಿಫೋಲ್ಡನ್ನ ಹೆಡ್ಡಿಗೆ ಬಿಗಿಯೋ ಕೊನೇ ಸ್ಟಡ್ಡಿನ ನಟ್ಟೇ ಇಲ್ಲ, ಸ್ಟಡ್ಡು ಹೆಡ್ಡಿನ ಮಟ್ಟಕ್ಕೆ ಮುರಿದಿದೆ. ಬಿಸಿ ಆದ್ರೆ ಮ್ಯಾನಿಫೋಲ್ಡ್ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತೆ, ಅದಕ್ಕೇ ಐದು ನಿಮಿಷಕ್ಕೆ ನಾಪತ್ತೆ.

ನನ್ನ ಎಣಿಕೆ ತಪ್ಪಾಗಿರ್ಲಿಲ್ಲ, ಅರ್ಥ ತಪ್ಪಾಗಿತ್ತು. ಒಂದು ಸಿಲಿಂಡರ್ ಹೊಗೆ ಬಿಡೋದೂ ಕ್ರ್ಯಾಂಕ್ ಎರಡು ಸುತ್ತಿಗೆ ಒಂದೇ ಸಲ, ಅಂದ್ರೆ ಮ್ಯಾನಿಫೋಲ್ಡ್ ಲೀಕಿನ ತಾಳವೂ ಟಪೆಟ್ಟಿನ ತಾಳವೂ ಒಂದೇ. ಲಯ ಕೇಳಿ ಬೇರೆ ಮಾಡೋಕೆ ಬ್ರಹ್ಮನಿಗೂ ಆಗಲ್ಲ, ಒಂದು ಕಬ್ಬಿಣದ್ದು ಒಂದು ಗಾಳಿಯದ್ದು ಅಂತ ಪೈಪು ಮಾತ್ರ ಹೇಳುತ್ತೆ. ಮುರಿದ ಸ್ಟಡ್ಡಿಗೆ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಟ್ಟೆ, ಆಮೇಲೆ ವೆಲ್ಡರ್ ಹತ್ರ ಅದರ ಮೇಲೆ ಒಂದು ನಟ್ ಇಟ್ಟು ಒಳಗಿಂದ ವೆಲ್ಡ್ ಮಾಡಿಸ್ದೆ, ವೆಲ್ಡಿಂಗ್ ಬಿಸಿಗೆ ತುಕ್ಕು ಸಡಿಲ ಆಗಿ ಸ್ಪ್ಯಾನರ್‌ಗೆ ಕಿರ್ ಅಂತ ಶರಣಾಯ್ತು. ಹೊಸ ಸ್ಟಡ್, ಹೊಸ ಪ್ಯಾಕಿಂಗ್, ಒಂದೆರಡು ಸಲ ಕಾದು ಆರಿದ ಮೇಲೆ ನಟ್ಟು ಮತ್ತೆ ಟೈಟ್. ಟಿಕ್ ಟಿಕ್ ಕಥೆ ಅಲ್ಲಿಗೆ ಮುಗೀತು. 20ಡಬ್ಲ್ಯೂ-50 ಇಳಿಸಿ ಮತ್ತೆ ಪುಸ್ತಕದಲ್ಲಿರೋ ಆಯಿಲ್ಲೇ ಹಾಕ್ದೆ.

ಇನ್ನು ಡಬ್ ಡಬ್. ಇದಕ್ಕೆ ಕಿವಿಗಿಡೋ ಯಾವ ಸಾಮಾನೂ ಸಾಕಾಗಲಿಲ್ಲ, ಬೇಕಾಗಿದ್ದು ಇಂಜೆಕ್ಟರ್ ಲೈನಿನ ನಟ್. ಐಡಲಲ್ಲಿ ಬಟ್ಟೆ ಸುತ್ತಿ ಒಂದೊಂದೇ ನಟ್ ಅರ್ಧ ಸುತ್ತು ಸಡಿಲ ಮಾಡಿದ್ರೆ ಆ ಸಿಲಿಂಡರ್ ಉರಿಯೋದು ನಿಲ್ಲುತ್ತೆ, ಆಗ ಸದ್ದು ಕಮ್ಮಿ ಆದ್ರೆ ಕಳ್ಳ ಅಲ್ಲೇ. ಇದು ಹಳೇ ಪಂಪಿನ ಗಾಡಿಗೆ ಮಾತ್ರ. ಕಾಮನ್ ರೈಲ್ (ಎಲ್ಲಾ ಇಂಜೆಕ್ಟರ್‌ಗೂ ಒಂದೇ ಹೈ ಪ್ರೆಶರ್ ಪೈಪಿಂದ ಡೀಸೆಲ್ ಹೋಗೋ ಹೊಸ ಥರದ್ದು) ಇದ್ರೆ ಕನಸಲ್ಲೂ ಮಾಡ್ಬೇಡಿ, ಅಲ್ಲಿ ಪ್ರೆಶರ್ 1000 ಬಾರ್ ದಾಟುತ್ತೆ, ಚಿಮ್ಮೋ ಡೀಸೆಲ್ ಚರ್ಮ ತೂತು ಮಾಡಿ ಒಳಗೆ ಹೋಗುತ್ತೆ. ಹಳೇ ಪಂಪಿನದ್ದಕ್ಕೂ ಕನ್ನಡಕ ಹಾಕಿ, ಕೈ ದೂರ ಇಡಿ. ನನ್ನದರಲ್ಲಿ ಎರಡನೇ ನಟ್ ಬಿಟ್ಟಾಗ ಸದ್ದು ಅರ್ಧಕ್ಕೆ ಇಳೀತು. ಇಂಜೆಕ್ಟರ್ರಾ ಒಳಗಿಂದಾ ಅಂತ ನೋಡೋಕೆ ಎರಡನೇದನ್ನ ಮೂರನೇದಕ್ಕೂ ಮೂರನೇದನ್ನ ಎರಡನೇದಕ್ಕೂ ಅದಲು ಬದಲು ಮಾಡ್ದೆ, ಹೊಸ ತಾಮ್ರದ ವಾಷರ್ ಹಾಕಿ. ಸದ್ದು ಎರಡರಲ್ಲೇ ಉಳೀತು. ಅಂದ್ರೆ ಇಂಜೆಕ್ಟರ್ ಅಲ್ಲ.

ಎಂಜಿನ್ ಇಳಿಸ್ಬೇಕು ಅಂದಿದ್ದ ಮೆಕ್ಯಾನಿಕ್ ಹೆದರಿಸಿದ್ದು ಬಿಗ್ ಎಂಡ್ ಬೇರಿಂಗ್ ಅಂತ. ಬೇರಿಂಗ್ ಹೋಗಿದ್ರೆ ಆಯಿಲ್ ಬಿಸಿಯಾಗಿ ತೆಳ್ಳಗಾದಷ್ಟೂ ಸದ್ದು ಸಾಮಾನ್ಯವಾಗಿ ಜಾಸ್ತಿ ಆಗುತ್ತೆ, ರೇಸ್ ಕೊಟ್ಟು ಕಾಲು ತೆಗೆದ ಕ್ಷಣದಲ್ಲಿ ಎದ್ದು ಕೇಳುತ್ತೆ. ನನ್ನದು ತಣ್ಣಗಿದ್ದಾಗ ಮಾತ್ರ, ಬಿಸಿ ಆದ್ರೆ ಪಿಸ್ಟನ್ ಹಿಗ್ಗಿ ಸುಮ್ಮನಾಗುತ್ತೆ. ಪಿಸ್ಟನ್ ಸ್ಲ್ಯಾಪ್, ಅಂದ್ರೆ ಸವೆದ ಸಂದಲ್ಲಿ ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡಿಯೋದು. ಆಯಿಲ್ ಪ್ರೆಶರ್‌ಗೆ ಮೆಕ್ಯಾನಿಕಲ್ ಗೇಜ್ ಕೂಡ ಹಾಕಿ ನೋಡ್ದೆ, ಬಿಸಿ ಇದ್ದಾಗ 2000 ಆರ್‌ಪಿಎಂಗೆ 40 ಪಿಎಸ್‌ಐ ಮೇಲೇ ನಿಂತಿತ್ತು, ಪ್ರತಿ ಸಾವಿರ ಆರ್‌ಪಿಎಂಗೆ 10 ಇದ್ರೆ ಸಾಕು ಅನ್ನೋದು ಗ್ಯಾರೇಜ್ ಲೆಕ್ಕ.

ಎಂಜಿನ್ ಇಳಿಸ್ಲಿಲ್ಲ. ಈಗ್ಲೂ ಬೆಳಿಗ್ಗೆ ಮೂರ್ನಾಲ್ಕು ನಿಮಿಷ ಎರಡನೇ ಸಿಲಿಂಡರ್ ಗೊಣಗುತ್ತೆ, ಆಮೇಲೆ ಸುಮ್ಮನಾಗುತ್ತೆ, ರೇಸ್ ಕೊಡದೆ ಮೆತ್ತಗೆ ಹೊರಡ್ತೀನಿ. ವಾರಕ್ಕೊಂದು ಸಲ ಡಿಪ್‌ಸ್ಟಿಕ್ ಎಳೆದು ನೋಡ್ತೀನಿ. ರಬ್ಬರ್ ಪೈಪು ಸೀಟಿನ ಹಿಂದೆ ಇದೆ, ಸ್ಟೆತಾಸ್ಕೋಪನ್ನ ಫ್ರೆಂಡು ಅವನ ಗಾಡಿ ನೋಡ್ತೀನಿ ಅಂತ ತಗೊಂಡು ಹೋಗಿ ಇನ್ನೂ ವಾಪಸ್ ಕೊಟ್ಟಿಲ್ಲ.