ಗೆಡ್ಡೆ ಪತಂಗಕ್ಕೆ ಯಾವ ಬಲೆ? ನೀರಿನ ಬೋಗುಣಿ, ಅಂಟು ಹಾಳೆ, ಆಲಿಕೆ

ಆಲೂಗಡ್ಡೆ ಹೊಲದಲ್ಲಿ ಗೆಡ್ಡೆ ಪತಂಗದ ಲೆಕ್ಕ ಇಡಲು ನನ್ನ ಆಯ್ಕೆ ನೀರಿನ ಬೋಗುಣಿ ಬಲೆ. ಡೆಲ್ಟಾ ಅಂಟು ಬಲೆ (ಒಳಗೆ ಅಂಟು ಹಾಳೆ ಇರುವ ತ್ರಿಕೋನದ ಗೂಡು), ಆಲಿಕೆ ಬಲೆ (ಆಲಿಕೆಯಂಥ ಬಾಯಿಯಿಂದ ಪತಂಗ ಕೆಳಗಿನ ಡಬ್ಬಿಗೆ ಬೀಳುವಂಥದ್ದು) ಎರಡನ್ನೂ ಕೊಂಡು, ಒಂದೇ ಹೊಲದಲ್ಲಿ ಒಂದೇ ತರದ ಲ್ಯೂರ್ (ಹೆಣ್ಣು ಪತಂಗದ ವಾಸನೆ ಸೂಸುವ ಸಣ್ಣ ತುಣುಕು) ಕಟ್ಟಿ ನೋಡಿದ ಮೇಲೂ ಈ ಮಾತು ಬದಲಾಗಿಲ್ಲ.

ಯಾವ ಬಲೆಯಾದರೂ ಅದು ಔಷಧಿಯಲ್ಲ. ಲ್ಯೂರ್‌ಗೆ ಬರುವುದು ಗಂಡು ಪತಂಗ ಮಾತ್ರ. ಉಳಿದ ಒಂದೊಂದು ಗಂಡೂ ಹಲವು ಹೆಣ್ಣುಗಳ ಜೊತೆ ಕೂಡುವುದರಿಂದ, ಬಲೆ ತುಂಬಿತು ಅಂದರೆ ಹುಳ ಮುಗಿಯಿತು ಅಂತಲ್ಲ. ಬಲೆಯಿಂದ ನಮಗೆ ಬೇಕಾದದ್ದು ಒಂದೇ ಸುದ್ದಿ: ಪತಂಗ ಏರುತ್ತಿದೆಯೋ ಇಳಿಯುತ್ತಿದೆಯೋ. ಆ ಸುದ್ದಿ ನಂಬುವಂತಿರಬೇಕು. ಅಂಟು ಬಲೆ ಸೋಲುವುದು ಅಲ್ಲೇ.

ಕೀಳುವ ಮೊದಲು ನೀರು ನಿಲ್ಲಿಸುತ್ತೇವಲ್ಲ, ಆಗ ದಿಂಡು (ಗಿಡದ ಸಾಲಿಗೆ ಏರಿಸಿದ ಮಣ್ಣು) ಒಣಗಿ ಬಿರುಕು ಬಿಡುತ್ತದೆ, ಎಲೆ ಹಳದಿಯಾಗುತ್ತದೆ. ಅಲ್ಲಿಯವರೆಗೆ ಎಲೆ ಕೊರೆದುಕೊಂಡಿದ್ದ ಮರಿಹುಳು ಹಸಿರು ಸಾಲದೆ ಕೆಳಗಿಳಿಯುತ್ತದೆ. ಹೆಣ್ಣು ಪತಂಗವೂ ಬಿರುಕಿನೊಳಗೆ ನುಸುಳಿ ಗೆಡ್ಡೆಯ ಕಣ್ಣಿನ ಹತ್ತಿರವೇ ಮೊಟ್ಟೆ ಇಡುತ್ತದೆ. ಇಡೀ ಬೆಳೆಯಲ್ಲಿ ಬಲೆಯ ಎಣಿಕೆ ಅತಿ ಮುಖ್ಯವಾಗುವುದು ಈ ದಿನಗಳಲ್ಲಿ. ಹೊಲದಲ್ಲಿ ಧೂಳು ಏಳುವುದೂ ಇದೇ ದಿನಗಳಲ್ಲಿ. ಡೆಲ್ಟಾ ಬಲೆಯ ಎರಡೂ ಬದಿ ತೆರೆದಿರುತ್ತದೆ. ಗಾಳಿ ಒಳಗೆ ನುಗ್ಗಿ ಅಂಟಿನ ಮೇಲೆ ಮಣ್ಣಿನ ಪುಡಿ ಕೂರಿಸುತ್ತದೆ. ಹಾಳೆ ನೋಡಲು ಚೆನ್ನಾಗಿಯೇ ಇರುತ್ತದೆ, ಬೆರಳಿಟ್ಟರೆ ಮಾತ್ರ ಹಿಡಿತ ಇಲ್ಲದ್ದು ತಿಳಿಯುತ್ತದೆ. ಪತಂಗ ಬಂದು ಕೂತು ಎದ್ದು ಹೋಗುತ್ತದೆ.

ಧೂಳಿಲ್ಲದಿದ್ದರೂ ಇನ್ನೊಂದು ತೊಡಕಿದೆ. ಸಿಕ್ಕಿದ ಪ್ರತಿ ಪತಂಗವೂ ಅಂಟಿನ ಸ್ವಲ್ಪ ಜಾಗ ತಿನ್ನುತ್ತದೆ, ಒದ್ದಾಡುವಾಗ ರೆಕ್ಕೆಯ ಹೊಟ್ಟು ಉದುರಿಸಿ ಸುತ್ತಲಿನ ಅಂಟನ್ನೂ ಕೆಡಿಸುತ್ತದೆ. ಲ್ಯೂರ್ ಕೆಳಗಿನ ಜಾಗ ಮೊದಲು ತುಂಬುತ್ತದೆ, ಆಮೇಲೆ ಬಂದವು ಸತ್ತವುಗಳ ಬೆನ್ನ ಮೇಲೆ ಇಳಿದು ಹಾರಿಹೋಗುತ್ತವೆ. ಪುಸ್ತಕದಲ್ಲಿ ಬರೆದ ಎಣಿಕೆ ಮೇಲೇರದೆ ಸಮನಾಗಿ ನಿಲ್ಲುತ್ತದೆ. ಓದಿದವರಿಗೆ ಪತಂಗ ಹತೋಟಿಯಲ್ಲಿದೆ ಅನ್ನಿಸುತ್ತದೆ, ಹೊಲದಲ್ಲಿ ಮಾತ್ರ ಏರುತ್ತಲೇ ಇರುತ್ತದೆ. ಬೆಚ್ಚಗಿನ ಹವೆಯಲ್ಲಿ ಮೂರು-ನಾಲ್ಕು ವಾರಕ್ಕೆ ಒಂದು ತಲೆಮಾರು ಮುಗಿಸುವ ಕೀಟ ಇದು. ಒಂದು ವಾರ ತಪ್ಪು ಎಣಿಕೆ ನಂಬಿದರೆ, ಗೆಡ್ಡೆಯ ಕಣ್ಣಲ್ಲಿ ಹಿಕ್ಕೆ ಕಂಡಾಗಲೇ ವಿಷಯ ಗೊತ್ತಾಗುವುದು.

ಅಂಟು ಬಲೆಯನ್ನೇ ಇಟ್ಟಿರುವವರು ತೆರೆದ ಬಾಯಿಗೆ ಗಾಳಿ ನೇರ ನುಗ್ಗದಂತೆ ಬದಿಗೆ ತಿರುಗಿಸಿ, ಬಲೆಯ ಕೆಳಗಿನ ನೆಲಕ್ಕೆ ಹುಲ್ಲು ಹರಡಿ. ಹಾಳೆಯ ಮೂಲೆಯಲ್ಲಿ ಹಾಕಿದ ತಾರೀಖು ಬರೆದು, ಪತಂಗ ಕಡಿಮೆ ಇದ್ದರೂ ವಾರಕ್ಕೊಮ್ಮೆ ಬದಲಿಸಿ. ನಡುಭಾಗ ತುಂಬಿದ್ದರೆ ವಾರಕ್ಕೂ ಕಾಯಬೇಡಿ. ಕೈಗೆ ಹತ್ತಿದ ಅಂಟು ಅಡುಗೆ ಎಣ್ಣೆಯಲ್ಲಿ ಹೋಗುತ್ತದೆ. ಆದರೆ ಅದೇ ಕೈಯಲ್ಲಿ ಲ್ಯೂರ್ ಮುಟ್ಟಬಾರದು.

ನೀರಿನ ಬೋಗುಣಿ ಹೀಗೆ. ಸುಮಾರು 30 ಸೆಂ.ಮೀ. ಅಗಲ, 10 ಸೆಂ.ಮೀ. ಆಳದ ಪ್ಲಾಸ್ಟಿಕ್ ಬೋಗುಣಿ ಸಾಕು. ಹಸಿರು ಅಥವಾ ಮಂಕು ಬಣ್ಣದ್ದು ತನ್ನಿ, ಹಳದಿಗೆ ಬೇರೆ ಕೀಟಗಳೆಲ್ಲ ಬಂದು ಬೀಳುತ್ತವೆ. ಬಾಯಿಗೆ ಅಡ್ಡಲಾಗಿ ತಂತಿ ಕಟ್ಟಿ, ನಡುವೆ ಲ್ಯೂರ್ ನೇತುಹಾಕಿ. ನೀರಿಗೂ ಲ್ಯೂರ್‌ಗೂ 2-3 ಸೆಂ.ಮೀ. ಅಂತರ ಇರಲಿ. ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ನಾಲ್ಕೈದು ಹನಿ, ಆದಷ್ಟು ಪರಿಮಳವಿಲ್ಲದ್ದು. ಸೋಪಿಲ್ಲದಿದ್ದರೆ ಪತಂಗ ಮುಳುಗದೆ ನೀರಿನ ಮೇಲೆ ತೇಲಿ ಅಂಚಿಗೆ ತಲುಪಿ ಏರಿಬಿಡುತ್ತದೆ. ಮಳೆ ಬಂದರೆ ನೀರು ಲ್ಯೂರ್ ಮುಟ್ಟದಂತೆ ಬೇಕಾದ ಮಟ್ಟಕ್ಕೆ ಸರಿಯಾಗಿ ಬದಿಯಲ್ಲಿ ತೂತು ಕೊರೆದು, ಅದಕ್ಕೆ ಸಣ್ಣ ಕಣ್ಣಿನ ಜಾಲರಿ ಅಂಟಿಸಿ. ಜಾಲರಿ ಮರೆತರೆ ಹಿಡಿದ ಪತಂಗವೆಲ್ಲ ನೀರಿನ ಜೊತೆ ಹೊರಗೆ. ಗಿಡದ ತುದಿಗಿಂತ ಸ್ವಲ್ಪವೇ ಎತ್ತರದಲ್ಲಿ ಕೂರಿಸಿ, ಈ ಪತಂಗ ಎತ್ತರಕ್ಕೆ ಹಾರುವಂಥದ್ದಲ್ಲ.

ಇದಕ್ಕೂ ಕಾಟ ಇಲ್ಲದಿಲ್ಲ. ಬಿಸಿಲಿಗೆ ನೀರು ಆರುತ್ತದೆ. ಮಟ್ಟ ಇಳಿದಂತೆ ಲ್ಯೂರ್‌ನಿಂದ ದೂರವಾಗಿ, ಸುತ್ತ ಹಾರುವ ಪತಂಗ ನೀರಿಗೆ ತಾಗದೆ ಹೋಗುತ್ತದೆ. ನಾಯಿ, ಹಕ್ಕಿ ಬಂದು ಕುಡಿಯುತ್ತವೆ. ಎರಡು-ಮೂರು ದಿನಕ್ಕಿಂತ ಹೆಚ್ಚು ಬಿಟ್ಟರೆ ಸತ್ತ ಪತಂಗ ಕೊಳೆತು ಗುರುತು ಸಿಗುವುದಿಲ್ಲ. ಆದರೂ ಬೋಗುಣಿಯ ತಪ್ಪು ದೂರದಿಂದಲೇ ಕಾಣುತ್ತದೆ: ಒಳಗೋಡೆಯಲ್ಲಿ ಹಾಕಿದ ಗೆರೆಗಿಂತ ನೀರು ಕೆಳಗಿದ್ದರೆ ಆ ದಿನದ ಎಣಿಕೆಯ ಪಕ್ಕ ಅಡ್ಡಗೆರೆ ಎಳೆದು, ನೀರು ತುಂಬಿಸಿ ಬಂದರಾಯಿತು. ಅಂಟಿನ ತಪ್ಪು ಹಾಗೆ ಕಾಣುವುದಿಲ್ಲ. ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ಎಣಿಸುವುದೂ ಸುಲಭ. ಚಹಾ ಸೋಸುವ ಜರಡಿಯಲ್ಲಿ ನೀರು ಸೋಸಿ, ಬಿಳಿ ಹಾಳೆಯ ಮೇಲೆ ಹರಡಿ. ಗಂಡಿನ ಮುಂದಿನ ರೆಕ್ಕೆಯಲ್ಲಿ ಎರಡು-ಮೂರು ಕಪ್ಪು ಚುಕ್ಕೆ, ಹಿಂದಿನ ರೆಕ್ಕೆಯ ಅಂಚಿಗೆ ಕೂದಲಿನ ಜಾಲರು. ಅಂಟಲ್ಲಿ ಹೂತ ಪತಂಗದಲ್ಲಿ ಈ ಚುಕ್ಕೆ ಹುಡುಕುವುದು ಕಷ್ಟ.

ಆಲಿಕೆ ಬಲೆ ದೊಡ್ಡ ಪತಂಗಗಳಿಗೆ ಒಳ್ಳೆಯದು. ಇಷ್ಟು ಸಣ್ಣದು ಒಳಗೆ ಬಿದ್ದರೂ ಬೇಗ ಸಾಯದಿದ್ದರೆ ತಿರುಗಿ ಹೊರಬೀಳುತ್ತದೆ, ಬಾಯಿಗೆ ಜೇಡ ಬಲೆ ಕಟ್ಟಿದರೆ ಅದೂ ಇಲ್ಲ. ದೀಪದ ಬಲೆಯಲ್ಲಿ ಊರಿನ ಹುಳವೆಲ್ಲ ಬೀಳುತ್ತದೆ, ಬೇಕಾದದ್ದನ್ನು ಆರಿಸುವುದರಲ್ಲೇ ಬೆಳಗು ಕಳೆಯುತ್ತದೆ.

ಲ್ಯೂರ್ ವಿಷಯ ಮೂರಕ್ಕೂ ಒಂದೇ. ಪೊಟ್ಟಣ ಒಡೆಯದೆ ಫ್ರೀಜರ್‌ನಲ್ಲಿಡಿ, ಚಿಮಟದಲ್ಲಿ ಹಿಡಿಯಿರಿ, 4-6 ವಾರಕ್ಕೆ ಬದಲಿಸಿ. ಹಳೆಯದನ್ನು ಹೊಲದಲ್ಲಿ ಎಸೆದರೆ ಅದೂ ಗಂಡನ್ನು ಕರೆಯುತ್ತಲೇ ಇರುತ್ತದೆ.

ದಿನ ಬಿಟ್ಟು ದಿನ ಹೊಲಕ್ಕೆ ಹೋಗುವ ರೂಢಿ ಇರುವವರಿಗೆ ಬೋಗುಣಿಯೇ ಸರಿ. ಖರ್ಚೂ ಒಮ್ಮೆ, ಆಮೇಲೆ ಲ್ಯೂರ್ ಮಾತ್ರ. ಅಂಟು ಬಲೆಗೆ ಹಾಳೆ ಕೊಳ್ಳುತ್ತಲೇ ಇರಬೇಕು, ಕೈ ಬಿಗಿ ಇದ್ದಾಗ ಹಾಳೆ ಬದಲಿಸುವುದು ಮುಂದಕ್ಕೆ ಹೋಗುತ್ತದೆ, ಎಣಿಕೆ ಕೆಡುವುದು ಹಾಗೆಯೇ. ವಾರಕ್ಕೊಮ್ಮೆ ಮಾತ್ರ ಹೋಗುವವರು ಅಥವಾ ತುಂತುರು ನೀರಾವರಿ ಇರುವವರು ಡೆಲ್ಟಾ ಬಲೆಯಲ್ಲೇ ಇರಿ. ಗೆಡ್ಡೆ ಕೂಡಿಟ್ಟ ಕೋಣೆಯಲ್ಲಂತೂ ನಾನೂ ಅಂಟು ಬಲೆಯನ್ನೇ ಇಡುವುದು: ಅಲ್ಲಿ ಧೂಳಿಲ್ಲ, ಗೆಡ್ಡೆಯ ಪಕ್ಕ ನೀರು ಇಡುವುದೂ ಬೇಡ.

ಎಣಿಕೆ ಸತತವಾಗಿ ಏರಿದರೆ ಮೊದಲು ಸಿಂಪಡಣೆಗೆ ಓಡಬೇಡಿ, ಎಲೆಯೊಳಗೆ ಸೇರಿದ ಹುಳಕ್ಕೆ ಮೇಲಿನ ಔಷಧಿ ಸರಿಯಾಗಿ ತಾಗುವುದಿಲ್ಲ. ದಿಂಡಿನ ಬಿರುಕು ಮುಚ್ಚಿ, ಗೆಡ್ಡೆಯ ಮೇಲೆ ಕಡಿಮೆ ಅಂದರೂ 5 ಸೆಂ.ಮೀ. ಮಣ್ಣು ಬರುವಂತೆ ಏರಿಸಿ. ಮಣ್ಣು ತೀರಾ ಗಟ್ಟಿಯಾಗಿದ್ದರೆ ತೆಳುವಾಗಿ ನೀರು ಕೊಟ್ಟು ಆಮೇಲೆ ಏರಿಸಿ. ಕಿತ್ತ ಗೆಡ್ಡೆಯನ್ನು ಕತ್ತಲಾಗುವ ಮೊದಲೇ ಹೊಲದಿಂದ ಸಾಗಿಸಿ. ರಾಶಿ ಮುಚ್ಚಲು ಆಲೂಗಡ್ಡೆ ಸೊಪ್ಪು ಬಳಸಲೇಬೇಡಿ, ಅದು ಒಣಗುತ್ತಿದ್ದಂತೆ ಒಳಗಿನ ಹುಳ ನೇರವಾಗಿ ಕೆಳಗಿನ ಗೆಡ್ಡೆಗೆ ಇಳಿಯುತ್ತದೆ.