ಬೀದಿದೀಪವನ್ನೇ ‘ಗ್ರೋ ಲೈಟ್’ ಅಂತ ಮಾರುತ್ತಿದ್ದಾರೆ, ಮೋಸ ಹೋಗಬೇಡಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಹದಿನೈದು ದಿನದಿಂದ ಬರೆಯಲೋ ಬೇಡವೋ ಅಂತ ಒದ್ದಾಡಿದೆ. "ಅಷ್ಟೂ ಗೊತ್ತಾಗಲಿಲ್ವಾ ನಿಂಗೆ?" ಅಂತ ನಗುವವರು ನಗಲಿ. ನಮ್ಮ ಮನೆ ಹೊತ್ತಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿದೆ.

ಬೆಂಗಳೂರಿನ ಬಾಡಿಗೆ ಮನೆಯ ಒಂದು ಸಣ್ಣ ರೂಮಿನಲ್ಲಿ ಮೈಕ್ರೋಗ್ರೀನ್ಸ್, ಅಂದರೆ ಎಳೆ ಸಸಿಯಲ್ಲೇ ಕತ್ತರಿಸಿ ತಿನ್ನುವ ಸೊಪ್ಪು, ಬೆಳೆಯುತ್ತೇನೆ. ಮೂಲಂಗಿ, ಸಾಸಿವೆ, ಸೂರ್ಯಕಾಂತಿ. ಪಕ್ಕದ ಅಪಾರ್ಟ್‌ಮೆಂಟಿನವರು ಕೊಳ್ಳುತ್ತಾರೆ. ರೂಮಿಗೆ ಬಿಸಿಲು ಬರುವುದಿಲ್ಲ. ಬಿಸಿಲಿನ ಬದಲು ಗಿಡಕ್ಕೆ ಹಾಕುವ ಗ್ರೋ ಲೈಟ್ ಹುಡುಕುವಾಗ ಈ ಮನುಷ್ಯ ಸಿಕ್ಕಿದ. ಹೆಸರು ಹಾಕುವುದಿಲ್ಲ.

"ಎಲ್‌ಇಡಿ ಎಲ್ಲ ಆಟದ ಸಾಮಾನು ಮೇಡಂ. ಇದು ಫಾರಿನ್ ಗ್ರೀನ್‌ಹೌಸಲ್ಲಿ ಹಾಕೋ ಲೈಟು, ಸೂರ್ಯನ ಥರಾನೇ" ಅಂದ. ಅರ್ಧ ನಿಜ. ಸೋಡಿಯಂ ದೀಪವನ್ನು ಹಾಲೆಂಡಿನ ಗ್ರೀನ್‌ಹೌಸುಗಳಲ್ಲಿ ವರ್ಷಗಟ್ಟಲೆ ಬಳಸಿದ್ದಾರೆ. ಆದರೆ ಇವನು ಕೊಟ್ಟಿದ್ದು ಬೀದಿಗೆ ಎಲ್‌ಇಡಿ ಬಂದ ಮೇಲೆ ಗುಜರಿಗೆ ಬಿದ್ದ 400 ವ್ಯಾಟಿನ ಹಳದಿ ಸೋಡಿಯಂ ದೀಪ. ಮೇಲೆ ಹೊಸ ಪೇಂಟು. ನಾಲ್ಕು ಸೆಟ್ಟಿಗೆ 11,200 ರೂಪಾಯಿ, ಪೂರ್ತಿ ಮೊದಲೇ ಹಾಕಿಸಿಕೊಂಡ. ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಫ್ರೀ. ಅದರ ಮೇಲೆ ದಪ್ಪ ಅಕ್ಷರದಲ್ಲಿ 16 ಆಂಪ್ ಅಂತ ಬರೆದಿತ್ತು.

ನಾನೇನೂ ಕೇಳದೆ ತಗೊಳ್ಳಲಿಲ್ಲ. ಮನೆ ಪ್ಲಗ್ಗು ತಡೆಯುತ್ತಾ ಅಂತ ಕೇಳಿದೆ. "ನಾಲ್ಕು ನಾನೂರು 1,600 ವ್ಯಾಟು. 230ರಿಂದ ಭಾಗಿಸಿ, ಏಳು ಆಂಪ್. ನಿಮ್ಮ ಪವರ್ ಪಾಯಿಂಟು 16 ಆಂಪ್. ಅರ್ಧ ಕೂಡ ಆಗ್ಲಿಲ್ಲ." ನಾನೂ ಮೊಬೈಲಲ್ಲಿ ಲೆಕ್ಕ ಹಾಕಿದೆ. ಏಳೇ ಬಂತು. ಇದೇ ನನ್ನ ಹೊಟ್ಟೆ ಉರಿಸುವುದು. ಲೆಕ್ಕ ಸರಿ ಇತ್ತು!

ನಾಲ್ಕನ್ನೂ ಆ ಫ್ರೀ ಬೋರ್ಡಿಗೇ ಹಾಕಿ, ಬೆಳಿಗ್ಗೆ ಐದಕ್ಕೆ ಹಚ್ಚಿ ಸಂಜೆ ಏಳಕ್ಕೆ ಆರಿಸುತ್ತಿದ್ದೆ. ಮೊದಲ ವಾರವೇ ಮೂರು ಸಲ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು) ಬಿತ್ತು. ಮೂರೂ ಸಲ ಹಚ್ಚಿದ ಸ್ವಲ್ಪ ಹೊತ್ತಿಗೇ. ಫೋನ್ ಮಾಡಿದರೆ, "ನಿಮ್ಮ ಎಂಸಿಬಿ ವೀಕು ಮೇಡಂ, ಹುಡುಗನ್ನ ಕಳಿಸ್ತೀನಿ." ಹುಡುಗ ಬಂದ. 16ರದ್ದು ಕಿತ್ತ, 32ರದ್ದು ಹಾಕಿದ, 400 ರೂಪಾಯಿ ತಗೊಂಡ. ಆಮೇಲೆ ಒಂದು ಸಲವೂ ಬೀಳಲಿಲ್ಲ. ನನಗೆ ಎಷ್ಟು ಖುಷಿ ಅಂದರೆ, ಆ ಹುಡುಗನಿಗೆ ಟೀ ಬೇರೆ ಮಾಡಿಕೊಟ್ಟಿದ್ದೆ. ಮನೆ ಸುಡೋಕೆ ಬಂದವನಿಗೆ ಟೀ!

ಎರಡು ದಿನ ಕಳೆದು ಮಧ್ಯಾಹ್ನ ರಬ್ಬರ್ ಸುಟ್ಟ ವಾಸನೆ. ಕುಕ್ಕರ್ ಗ್ಯಾಸ್ಕೆಟ್ ಇರಬೇಕು ಅಂತ ಅಡುಗೆಮನೆಗೆ ಹೋಗಿ ನೋಡಿದೆ. ಅಲ್ಲ. ರೂಮಿಗೆ ಹೋದರೆ ಆ ಫ್ರೀ ಬೋರ್ಡು ಬೆಲ್ಲದ ಪಾಕದ ಥರ ಕರಗಿ ಒಂದು ಪಕ್ಕಕ್ಕೆ ಜಾರಿದೆ. ಪ್ಲಗ್ಗು ಅದರೊಳಗೇ ಅಂಟಿಕೊಂಡಿದೆ. ನನ್ನ ಕೈಯಲ್ಲಿ ಗಿಡಕ್ಕೆ ಹೊಡೆಯುವ ನೀರಿನ ಸ್ಪ್ರೇ ಬಾಟಲಿ. ಅದನ್ನೂ ಹಿಡಿದುಕೊಂಡೇ ಪ್ಲಗ್ಗಿಗೆ ಕೈ ಹಾಕಲು ಹೋದೆ, ಯೋಚನೆ ಮಾಡಿ. ಅತ್ತೆ ನಡುಮನೆಯಿಂದ ಕಿರುಚಿದರು, "ಮುಟ್ಟಬೇಡ ಕಣೇ, ಮೇನ್ ಆಫ್ ಮಾಡು!" ಅವರು ಅವತ್ತು ಮಲಗಿರಲಿಲ್ಲ ಅನ್ನುವುದೇ ಪುಣ್ಯ.

ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಬಂದು ಹೊಸ ಬೋರ್ಡಿನಲ್ಲಿ ಒಂದೇ ಲೈಟ್ ಹಚ್ಚಿ, ವೈರಿಗೆ ಕ್ಲ್ಯಾಂಪ್ ಮೀಟರ್ ಹಿಡಿದರು. 4.4 ಆಂಪ್. ನಾಲ್ಕಕ್ಕೆ ಹದಿನೇಳೂವರೆ! ಲೈಟಿನ ಕರೆಂಟನ್ನು ಹಿಡಿತದಲ್ಲಿಡುವ ಚೋಕ್ ಇರುವ ಡಬ್ಬಿ ಬಿಚ್ಚಿದರು. "ಅಕ್ಕಾ, ಕಂಡೆನ್ಸರೇ ಇಲ್ವಲ್ಲ ಇದ್ರಲ್ಲಿ." ಖಾಲಿ ಕ್ಲಿಪ್ಪು ಮಾತ್ರ ಇತ್ತು. ನಾಲ್ಕರಲ್ಲೂ ಇಲ್ಲ. ಆ ಚೋಕ್ ಕೆಲಸಕ್ಕೆ ಬಾರದ ಕರೆಂಟನ್ನು ಎಳೆದು ವಾಪಸ್ ಕಳಿಸುತ್ತಲೇ ಇರುತ್ತದಂತೆ. ಕಂಡೆನ್ಸರ್ ಇದ್ದರೆ ಆ ಓಡಾಟ ಡಬ್ಬಿಯೊಳಗೇ ಮುಗಿಯುತ್ತದೆ, ಎರಡು ಆಂಪ್ ಚಿಲ್ಲರೆ ಸಾಕು. ಇಲ್ಲದಿದ್ದರೆ ಅಷ್ಟೂ ಮನೆ ವೈರಿನಲ್ಲಿ. ಹಚ್ಚಿದ ಮೊದಲ ಕೆಲವು ನಿಮಿಷ ಇನ್ನೂ ಜಾಸ್ತಿ. ಅದಕ್ಕೇ ಎಂಸಿಬಿ ಆಗಲೇ ಬೀಳುತ್ತಿತ್ತು. ವೀಕ್ ಆಗಿರಲಿಲ್ಲ ಪಾಪ, ನಮ್ಮನ್ನು ಕಾಯುತ್ತಿತ್ತು. ನಾನೂ ದಿನಾ ಮೀಟರ್ ನೋಡುತ್ತಿದ್ದೆ, ನಾಲ್ಕೂ ಲೈಟಿಗೆ ಸೇರಿ ದಿನಕ್ಕೆ 25 ಯೂನಿಟ್, ಚೋಕ್ ತಿನ್ನುವುದೂ ಸೇರಿದರೆ ಲೆಕ್ಕಕ್ಕೆ ಸರಿ. ಮನೆ ಮೀಟರಿನ ಯೂನಿಟ್ಟಿನಲ್ಲಿ ಈ ದಂಡದ ಕರೆಂಟು ಕಾಣುವುದೇ ಇಲ್ಲ.

ಬೋರ್ಡಿನ ವೈರ್ ಸುಲಿದರೆ ಒಳಗೆ ಮುಕ್ಕಾಲು ಸ್ಕ್ವೇರ್ ಎಂಎಂ ದಪ್ಪದ ತೆಳು ವೈರು. 16 ಆಂಪ್ ಪಾಯಿಂಟಿಗೆ ಗೋಡೆಯೊಳಗೆ ಎಳೆಯುವುದು ಎರಡೂವರೆ ಸ್ಕ್ವೇರ್. ಲೈಟಿನ ಕಬ್ಬಿಣದ ಡಬ್ಬಿಗೆ ಅರ್ತಿಂಗ್ ಕೂಡ ಕೊಟ್ಟಿರಲಿಲ್ಲ. ನೀರು ಚಿಮುಕಿಸುವ ರೂಮಿನಲ್ಲಿ!

ಇನ್ನು ಅವನ ಉತ್ತರಗಳು. ಮೆಸೇಜ್ ಎಲ್ಲ ಇಟ್ಟುಕೊಂಡಿದ್ದೇನೆ.

ಕರಗಿದ ಬೋರ್ಡಿನ ಫೋಟೋ ಕಳಿಸಿದೆ. "ಲೈಟ್ ಅಂದ್ಮೇಲೆ ಬಿಸಿ ಆಗುತ್ತೆ ಮೇಡಂ."

"ಬೇರೆ ಯಾವ ಕಸ್ಟಮರ್‌ಗೂ ಆಗಿಲ್ಲ. ನಿಮ್ಮ ಮನೆ ವೈರಿಂಗ್ ಹಳೇದು."

ಬೋರ್ಡಿನ ವೈರ್ ಕೇಳಿದೆ. "ಅದು ಫ್ರೀ ಕೊಟ್ಟಿದ್ದಲ್ವಾ?"

ಕಂಡೆನ್ಸರ್ ಯಾಕಿಲ್ಲ ಅಂತ ಕೇಳಿದೆ. ಎರಡು ಗಂಟೆ ಉತ್ತರವಿಲ್ಲ. ಆಮೇಲೆ ಬಂತು: "ಕಂಡೆನ್ಸರ್ ಬೇಕು ಅಂತ ನೀವು ಹೇಳ್ಲೇ ಇಲ್ವಲ್ಲ ಮೇಡಂ."

ನಾನು ಹೇಳಬೇಕಿತ್ತಂತೆ! ದೋಸೆ ಕೊಡಿ ಅಂದಮೇಲೆ ಹಿಟ್ಟು ಹಾಕಿ ಅಂತ ಬೇರೆ ಹೇಳಬೇಕಾ? ಇದನ್ನು ಓದಿ ಮೊಬೈಲ್ ಎಸೆಯುವುದೊಂದು ಬಾಕಿ. ದುಡ್ಡು ವಾಪಸ್ ಕೇಳಿದ ಮೇಲೆ ಬ್ಲಾಕ್ ಮಾಡಿದ.

ನಿಮಗೆ ಹೇಳುವುದು ಇಷ್ಟೇ. ಎಂಸಿಬಿ ಬಿದ್ದರೆ ದೊಡ್ಡದು ಹಾಕುತ್ತೇನೆ ಅನ್ನುವವನನ್ನು ಮೊದಲು ಮನೆಯಿಂದ ಆಚೆ ಕಳಿಸಿ. ಎಂಸಿಬಿ ಇರುವುದು ಗೋಡೆಯೊಳಗಿನ ವೈರ್ ಕಾಯಲು, ಲೈಟಿಗಲ್ಲ. ವ್ಯಾಟ್ ನಂಬಬೇಡಿ, ಕ್ಲ್ಯಾಂಪ್ ಮೀಟರ್ ಹಿಡಿಸಿ ಆಂಪ್ ನೋಡಿ. ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಓಡುತ್ತದೆ, ಇದು ದಿನಕ್ಕೆ 14 ಗಂಟೆ, ವೈರಿಗೆ ಆರಲು ಬಿಡುವೇ ಇಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಟೈಮರ್ ಹಾಕುವವರೂ ನೋಡಿಕೊಳ್ಳಿ, ಅದರ ಮೇಲಿನ 16 ಆಂಪ್ ಸಾಮಾನ್ಯವಾಗಿ ಹೀಟರಿನಂಥ ಲೋಡಿಗೆ ಹೇಳಿದ್ದು. ಚೋಕ್ ಲೋಡಿಗೆ ಕಡಿಮೆ.

ಇದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಮೈಕ್ರೋಗ್ರೀನ್ಸಿಗೆ ಈ ಲೈಟು ಬೇಕಾಗಿಯೇ ಇರಲಿಲ್ಲ. ಈಗ ರ‍್ಯಾಕಿನ ಒಂದೊಂದು ಅಂತಸ್ತಿಗೆ ಎರಡು 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಕಟ್ಟಿದ್ದೇನೆ. ಅದೇ ಆಟದ ಸಾಮಾನು. ಸೊಪ್ಪು ಚೆನ್ನಾಗಿಯೇ ಬರುತ್ತಿದೆ.

ನಿನ್ನೆ ತಂಗಿಯ ಮೊಬೈಲಿನಲ್ಲಿ ಅವನ ಸ್ಟೇಟಸ್ ನೋಡಿದೆ. ‘ಹ್ಯಾಪಿ ಕಸ್ಟಮರ್’ ಅಂತ ಒಂದು ಫೋಟೋ. ಬಿಳಿ ರ‍್ಯಾಕು, ಕೆಳಗೆ ಹಿಡಿ ಮುರಿದ ನೀಲಿ ಬಕೆಟ್ಟು, ಮೂಲೆಯಲ್ಲಿ ಆ ಬೋರ್ಡು. ಯಾರಾದರೂ ಆ ಫೋಟೋ ತೋರಿಸಿ ಲೈಟ್ ಮಾರಲು ಬಂದರೆ, ಅದು ನಮ್ಮ ಮನೆ.