ಡಯಲರ್ ಫೋನ್ ಮಾಡಿತ್ತು, ಯಾರಿಗೂ ಗೊತ್ತಾಗಲಿಲ್ಲ

ದೂರದಲ್ಲಿರುವ ಯಂತ್ರ ಕೆಟ್ಟರೆ ತಾನೇ ಫೋನ್ ಮಾಡಿ ಹೇಳುವ ಆಟೋ ಡಯಲರ್ ಹಾಕಿಸುವವರು ಇದನ್ನು ಓದಿ. ಅಳವಡಿಸಲು ಬಂದವರು ಟೆಸ್ಟ್ ಬಟನ್ ಒತ್ತಿ, ನಿಮ್ಮ ಮೊಬೈಲ್ ರಿಂಗಾದ ತಕ್ಷಣ ಸಹಿ ಹಾಕಿ ಕೊಡಬೇಡಿ. ನಮ್ಮ ಡಯಲರ್ ಕೂಡ ಆ ಟೆಸ್ಟ್ ಪಾಸಾಗಿತ್ತು. ಆದರೂ ಕೋಲ್ಡ್ ರೂಮಿನಲ್ಲಿದ್ದ ಸರಕೆಲ್ಲ ಹಾಳಾಯಿತು.

ರಾತ್ರಿ ಕಂಪ್ರೆಸರ್ ಟ್ರಿಪ್ ಆಯಿತು. ಒಳಗೆ ಉಷ್ಣಾಂಶ ಏರಿತು. ಡಯಲರ್ ಅದನ್ನು ಸರಿಯಾಗಿಯೇ ಗುರುತಿಸಿ, ಪಟ್ಟಿಯ ಮೊದಲ ನಂಬರಿಗೆ ಫೋನ್ ಮಾಡಿತು. ಆ ಮೊಬೈಲ್ ಸ್ವಿಚ್ ಆಫ್ ಆಗಿತ್ತು. ಫೋನ್ ಕಂಪನಿಯ ರೆಕಾರ್ಡಿಂಗ್ ಮಾತಾಡತೊಡಗಿತು. ಈ ಡಯಲರ್‌ಗೆ ಮನುಷ್ಯರ ದನಿಗೂ ರೆಕಾರ್ಡಿಂಗಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಮಾತು ಕೇಳಿಸಿದರೆ ಯಾರೋ ಎತ್ತಿದರು ಅಂತಲೇ ಅದರ ಲೆಕ್ಕ. ತನ್ನ ಸಂದೇಶವನ್ನು ಆ ರೆಕಾರ್ಡಿಂಗಿಗೇ ಒಪ್ಪಿಸಿ ಸುಮ್ಮನಾಯಿತು. ಎರಡನೇ, ಮೂರನೇ ನಂಬರಿನವರು ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದರು. ಅವರಿಗೆ ಕರೆಯೇ ಹೋಗಲಿಲ್ಲ.

ಹೀಗಾಗಬಾರದು ಅಂತಲೇ ಅಕ್ನಾಲೆಜ್ ಕೋಡ್ ಇರುವುದು. ಎತ್ತಿದವರು ಕೋಡ್ ಒತ್ತುವ ತನಕ ಡಯಲರ್ ಮುಂದಿನ ನಂಬರಿಗೆ ಹೋಗುತ್ತಿರಬೇಕು, ಪಟ್ಟಿ ಮುಗಿದರೆ ಮತ್ತೆ ಮೊದಲಿನಿಂದ. ನಮ್ಮದರಲ್ಲಿ ಅದನ್ನು ಆಫ್ ಮಾಡಿಟ್ಟಿದ್ದರು. ಯಾಕೆ ಅಂತ ಕೇಳಿದರೆ, ಅಳವಡಿಸಿದ ದಿನ ಕೋಡ್ ಒತ್ತಿದರೂ ಯಂತ್ರ ಒಪ್ಪುತ್ತಿರಲಿಲ್ಲವಂತೆ! ಕಾರಣ ಹುಡುಕುವ ಬದಲು ಸೆಟ್ಟಿಂಗನ್ನೇ ತೆಗೆದುಬಿಟ್ಟರು. ನಮಗೆ ಹೇಳಲೂ ಇಲ್ಲ.

ಕಾರಣ ಅಂಥ ದೊಡ್ಡದೇನೂ ಅಲ್ಲ. ನಮ್ಮದು ಇಂಟರ್ನೆಟ್ ಮೂಲಕ ಬರುವ ಫೋನ್ ಲೈನ್. ಕೀಪ್ಯಾಡಿನ ಒಂದೊಂದು ಬಟನ್ನಿಗೂ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ. 5 ಒತ್ತಿದರೆ 770 ಮತ್ತು 1336 ಹರ್ಟ್ಜ್. ದನಿಯನ್ನು ಇಂಟರ್ನೆಟ್‌ನಲ್ಲಿ ಕಳಿಸಲು ಅಂಕಿಗಳಾಗಿ ಬದಲಿಸುವ ವಿಧಾನಕ್ಕೆ ಕೋಡೆಕ್ ಅಂತಾರೆ. ಜಿ.729ನಂಥ ಕೋಡೆಕ್ ದನಿಯನ್ನು ಜಾಸ್ತಿ ಹಿಂಡಿ ಕಳಿಸುತ್ತದೆ. ಮಾತು ಚೆನ್ನಾಗಿಯೇ ಕೇಳುತ್ತದೆ, ಈ ಸ್ವರಗಳು ಮಾತ್ರ ಕೆಡುತ್ತವೆ. ಡಯಲರನ್ನು ಇಂಟರ್ನೆಟ್ ಲೈನಿಗೆ ಜೋಡಿಸುವ ಫೋನ್ ಅಡಾಪ್ಟರಿನಲ್ಲಿ, ಅಷ್ಟು ಹಿಂಡದ ಜಿ.711 ಕೋಡೆಕ್ ಆರಿಸಿದ ಮೇಲೆ ನಮ್ಮ ಕೋಡ್ ಒಪ್ಪಿತು. ಸ್ವರಗಳನ್ನು ಮಾತಿನಿಂದ ಬೇರೆ ಮಾಡಿ ಕಳಿಸುವ ಆರ್‌ಎಫ್‌ಸಿ 2833 ಅನ್ನುವ ಆಯ್ಕೆಯೂ ಇರುತ್ತದೆ, ನೋಡಿ.

ಇದನ್ನೆಲ್ಲ ಕೆದಕುವಾಗ ಇನ್ನೊಂದು ಹೊರಬಂತು. ಡಯಲರ್‌ಗೆ ಬ್ಯಾಟರಿ ಇತ್ತು, ಲೈನ್ ಕೊಡುವ ರೂಟರಿಗೆ ಇರಲಿಲ್ಲ. ಹಳೆಯ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ಬರುತ್ತಿತ್ತು, ಇಲ್ಲಿ ಕರೆಂಟ್ ಹೋದರೂ ಫೋನ್ ನಡೆಯುತ್ತಿತ್ತು. ಈಗ ಕರೆಂಟ್ ಹೋದರೆ ಡಯಲ್ ಟೋನೇ ಇಲ್ಲ. ಅಂದರೆ ಕರೆಂಟ್ ಹೋಗಿದೆ ಅಂತ ಹೇಳಬೇಕಾದ ಯಂತ್ರ ಕರೆಂಟ್ ಇದ್ದಾಗ ಮಾತ್ರ ಮಾತಾಡುತ್ತದೆ. ಎಂಥ ಚಂದ, ಅಲ್ವಾ? ರೂಟರಿಗೂ ಯುಪಿಎಸ್ ಹಾಕಿಸಿ.

ಸೆನ್ಸರ್ ಕಡೆಯಿಂದ ಡಯಲರ್‌ಗೆ ಬರುವ ವೈರಿಂಗ್ ಹೇಗಿದೆ ಅಂತಲೂ ಕೇಳಿ ತಿಳಿದುಕೊಳ್ಳಿ. ನಾರ್ಮಲಿ ಓಪನ್ ಆಗಿ, ಅಂದರೆ ಎಲ್ಲ ಸರಿಯಿದ್ದಾಗ ಸರ್ಕ್ಯೂಟ್ ತೆರೆದಿರುವಂತೆ ಜೋಡಿಸಿದರೆ ವೈರ್ ತುಂಡಾದರೂ ಡಯಲರ್‌ಗೆ ಎಲ್ಲ ಸರಿಯಿದ್ದ ಹಾಗೇ ಕಾಣುತ್ತದೆ. ಸರಿಯಿದ್ದಾಗ ಸರ್ಕ್ಯೂಟ್ ಕೂಡಿರುವ ನಾರ್ಮಲಿ ಕ್ಲೋಸ್ಡ್ ಆದರೆ ತುಂಡಾದದ್ದೇ ಅಲಾರಂ. ಡಿಫ್ರಾಸ್ಟ್ ಹೊತ್ತಿನಲ್ಲಿ, ಅಂದರೆ ಕಟ್ಟಿದ ಮಂಜನ್ನು ಯಂತ್ರ ಕರಗಿಸುವಾಗ, ಉಷ್ಣಾಂಶ ಸ್ವಲ್ಪ ಏರುವುದು ಸಹಜ, ಅದಕ್ಕೆ ಅಲಾರಂ ತಡವಾಗಿ ಹೊಡೆಯುವಂತೆ ಇಡುತ್ತಾರೆ. ಆ ಅಂಕಿ ಸೆಕೆಂಡೋ ನಿಮಿಷವೋ ಅಂತ ಮ್ಯಾನುಯಲ್ ತೆರೆದು ನೀವೇ ನೋಡಿ.

ಟೆಸ್ಟ್ ಮಾಡಿಸುವುದಾದರೆ ನಿಜವಾದ ತೊಂದರೆಯನ್ನೇ ಕೊಡಿ. ಸೆನ್ಸರನ್ನು ಹೊರಗೆ ತೆಗೆದು ಬಿಸಿ ಮಾಡಿ. ಮೊದಲ ನಂಬರಿನ ಮೊಬೈಲ್ ಬೇಕಂತಲೇ ಆಫ್ ಮಾಡಿ, ಎರಡನೆಯದು ರಿಂಗಾಗುತ್ತದಾ ನೋಡಿ. ಅದನ್ನು ಎತ್ತಿದರೂ ಕೋಡ್ ಒತ್ತಬೇಡಿ, ಮೂರನೆಯದಕ್ಕೆ ಕಾಯಿರಿ. ಇಡೀ ಕಟ್ಟಡದ ಮೇನ್ ಸ್ವಿಚ್ ಇಳಿಸಿ ಇನ್ನೊಮ್ಮೆ ಮಾಡಿ. ಅಳವಡಿಸುವವರು ಗೊಣಗುತ್ತಾರೆ, ಗೊಣಗಲಿ. ರಾತ್ರಿ ಮೊಬೈಲನ್ನು ಸೈಲೆಂಟ್ ಇಡುವವರು ಡಯಲರ್ ನಂಬರಿಗೆ ಮಾತ್ರ ವಿನಾಯಿತಿ ಕೊಟ್ಟಿರಬೇಕು.

ಕೊನೆಗೆ ಸೆಟ್ಟಿಂಗ್ ಸರಿಮಾಡಲು ಹೋದರೆ ಪ್ರೋಗ್ರಾಮಿಂಗ್ ಪಾಸ್‌ವರ್ಡೇ ನಮ್ಮ ಹತ್ತಿರ ಇರಲಿಲ್ಲ. ಅದು ಅವರ ಬಳಿ. ಒಂದು ಫೋನ್ ನಂಬರ್ ಬದಲಿಸಬೇಕಾದರೂ ಅವರೇ ಬರಬೇಕು, ಬಂದದ್ದಕ್ಕೆ ಬಿಲ್ ಬೇರೆ. ಪಾಸ್‌ವರ್ಡ್ ಮತ್ತು ಎಲ್ಲ ಸೆಟ್ಟಿಂಗ್ ಬರೆದ ಹಾಳೆ ಕೈಗೆ ಬರುವ ತನಕ ಬಾಕಿ ಹಣ ಕೊಡಬೇಡಿ.